ಗೊಂಬೆ ಕೂದಲಿನ ಅಪೀಲು

ಮನುಷ್ಯನಿಗೆ ತನ್ನ ಹೆಸರನ್ನು ನಾಲ್ಕು ಜನ ಓದಬೇಕೆಂಬ ಚಪಲ ಒಂದಲ್ಲ ಒಂದು ವಯಸ್ಸಿನಲ್ಲಿ ಬಂದೇ ಬರುತ್ತದೆ. ಕೆಲವರು ಕವಿತೆ ಬರೆಯುತ್ತಾರೆ, ಕೆಲವರು ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿಸಿಕೊಳ್ಳುತ್ತಾರೆ. ನಾನು ಪೇಟೆಂಟಿಗೆ ಅರ್ಜಿ ಹಾಕಿದೆ.

ಚನ್ನಪಟ್ಟಣದಲ್ಲಿ ನನ್ನದೊಂದು ಸಣ್ಣ ಘಟಕವಿದೆ. ಗೊಂಬೆಗಳ ತಲೆಗೆ ಅಂಟಿಸುವ ಪಾಲಿಯೆಸ್ಟರ್ ಕೂದಲು ಮಾಡುತ್ತೇವೆ. ಗುಂಗುರು ಕೂದಲಿಗೇ ಬೇಡಿಕೆ. ಆದರೆ ಬಿಡದಿಯಿಂದ ತಂದ ಹಲ್ಲುಚಕ್ರದ ಯಂತ್ರದಲ್ಲಿ ಎಳೆಗಳಿಗೆ ಸುಕ್ಕು ಹಾಕಿದರೆ ವಾರದೊಳಗೆ ನೆಟ್ಟಗಾಗಿಬಿಡುತ್ತಿದ್ದವು. ಒಂದು ಭಾನುವಾರ ನನ್ನ ಹೆಂಡತಿ ಭಾಗ್ಯ ಒಂದು ಕಟ್ಟು ಎಳೆ ತೆಗೆದುಕೊಂಡು, ಬಿಗಿಯಾಗಿ ಜಡೆ ಹೆಣೆದು, ಇಡ್ಲಿ ಪಾತ್ರೆಯೊಳಗಿಟ್ಟಳು. "ಒಸಿ ಹಬೆ ಕುಡೀಲಿ, ಸುಮ್ಕಿರಿ. ಆರಿದ್ಮೇಲೆ ಬಿಚ್ಚಿದ್ರೆ ಗುಂಗುರು ಎಲ್ಗೂ ಹೋಗಾಕಿಲ್ಲ" ಅಂದಳು. ಹೋಗಲಿಲ್ಲ. ತೊಳೆದರೂ ಹೋಗಲಿಲ್ಲ. ನಾನು ಮಾಡಿದ್ದೆಂದರೆ ಸ್ಕೇಲು ಹಿಡಿದು ಅಂಗುಲಕ್ಕೆ ಎಷ್ಟು ಸುಕ್ಕು ಎಂದು ಎಣಿಸಿದ್ದು. ಎಣಿಸಿದವನೇ ಸಂಶೋಧಕ ಎಂದು ನನಗೆ ಯಾರು ಹೇಳಿದರೋ ಗೊತ್ತಿಲ್ಲ, ಅರ್ಜಿಯಲ್ಲಿ ಸಂಶೋಧಕರ ಜಾಗದಲ್ಲಿ ನನ್ನ ಹೆಸರೊಂದನ್ನೇ ಬರೆದೆ. ಇಡ್ಲಿ ಪಾತ್ರೆಯನ್ನು 'ಆವಿಯ ಕೋಣೆ' ಮಾಡಿದೆ.

ಪೇಟೆಂಟ್ ಕಚೇರಿ ನನ್ನ ಹಕ್ಕುಕೋರಿಕೆಗಳನ್ನೆಲ್ಲ ತಿರಸ್ಕರಿಸಿತು. ಎಳೆಗೆ ಸುಕ್ಕು ಹಾಕುವುದು ಹಳೆಯ ವಿಷಯ, ಈ ಕಸುಬು ಬಲ್ಲ ಯಾರಿಗಾದರೂ ಇದು ಸಲೀಸಾಗಿ ಹೊಳೆಯುತ್ತದೆ ಎಂದು ಕಾರಣ ಕೊಟ್ಟಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕಸುಬು ಬಲ್ಲ ನನಗೇ ಹೊಳೆದಿರಲಿಲ್ಲವಲ್ಲ. ಮೇಲ್ಮನವಿ ಹಾಕಿದೆ.

ವಿಚಾರಣೆ ವಿಡಿಯೊದಲ್ಲಿ ನಡೆಯಿತು. ಹೊಸ ಶರ್ಟು ಹಾಕಿಕೊಂಡು ನಡುಮನೆಯಲ್ಲಿ ಕೂತೆ. ಭಾಗ್ಯ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ವರ್ಷಗಟ್ಟಲೆ ಯಂತ್ರದ ಮುಂದೆ ನಿಂತವರಿಗೂ ಇದು ಹೊಳೆದಿಲ್ಲ ಎಂದು ನಮ್ಮ ವಕೀಲರು ಚೆನ್ನಾಗಿಯೇ ವಾದಿಸಿದರು. ನ್ಯಾಯಮೂರ್ತಿಗಳು ನನ್ನನ್ನೇ ಕೇಳಿದರು: "ಹಾಗಾದರೆ ನಿಮಗೆ ಹೇಗೆ ಹೊಳೆಯಿತು?"

ಸುಳ್ಳು ಹೇಳಬಹುದಿತ್ತು. ಆದರೆ ಪಕ್ಕದಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

"ನನಗೆ ಹೊಳೀಲಿಲ್ಲ ಸ್ವಾಮಿ. ನಮ್ಮನೆಯವ್ರಿಗೆ ಹೊಳೀತು."

"ಅವರಿಗೆ ಈ ಉದ್ಯಮದ ಅನುಭವ ಇದೆಯೇ?"

"ಇಲ್ಲ ಸ್ವಾಮಿ. ಎರಡು ಹೆಣ್ಣುಮಕ್ಕಳಿಗೆ ಜಡೆ ಹಾಕವ್ರೆ, ಅಷ್ಟೆ."

ಪರದೆಯಲ್ಲಿ ವಕೀಲರ ಮುಖ ಹಾಗೇ ನಿಂತುಬಿಟ್ಟಿತು. ನೆಟ್‌ವರ್ಕಿನ ದೋಷ ಎಂದುಕೊಂಡೆ. ಆದರೆ ಆ ಮಾತೇ ನಮ್ಮನ್ನು ಗೆಲ್ಲಿಸಿತು. ಹೊಳೆದದ್ದು ಕಸುಬಿನ ಹೊರಗಿನವರಿಗೆ, ಕಸುಬಿನವರಿಗೆ ತಾನಾಗಿ ಹೊಳೆಯುವಂಥದ್ದಲ್ಲ ಎಂದು ಒಪ್ಪಿ, ಅರ್ಜಿಯನ್ನು ಮತ್ತೆ ಪರಿಶೀಲಿಸಲು ಆದೇಶವಾಯಿತು. ಮೊದಲು ಸಂಶೋಧಕರ ಹೆಸರು ಸರಿಪಡಿಸಬೇಕು, ಅಷ್ಟೆ.

"ಅವತ್ತು ನನ್ ಹೆಸ್ರು ಬರೆಯಾಕೆ ನಿಮ್ ಕೈಗೇನಾಗಿತ್ತು?" ಎಂದಷ್ಟೇ ಕೇಳಿ ಭಾಗ್ಯ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಅವಳ ಅಫಿಡವಿಟ್ಟು ತುಂಬಿದೆವು. ಅದರಲ್ಲಿ ನನಗೂ ಒಂದು ಜಾಗವಿತ್ತು, 'ಗಂಡನ ಹೆಸರು' ಎಂಬಲ್ಲಿ. ಅಲ್ಲಿಗೆ ಬಂದಾಗ ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬರೆಯುತ್ತಾಳೋ ಬಿಡುತ್ತಾಳೋ ಎಂದು ಆಗ ನಾನು ಕಾದಷ್ಟು, ನ್ಯಾಯಮೂರ್ತಿಗಳ ತೀರ್ಪಿಗೂ ಕಾದಿರಲಿಲ್ಲ.