ಹೆನ್ರಪ್ಪ ರಾಜನ ಸಾವು

ಇತಿಹಾಸದ ಮಾಸ್ತರನಿಗೆ ಸಾವೆಂದರೆ ಒಂದು ಇಸವಿ, ಅಷ್ಟೇ. ಹಾವೇರಿಯ ಕಾಲೇಜಿನಲ್ಲಿ ಊಟದ ನಂತರದ ತರಗತಿಗಳಲ್ಲಿ ನಾನು ಎಷ್ಟೋ ರಾಜರನ್ನು ಆಕಳಿಸುತ್ತಲೇ ಕೊಂದಿದ್ದೇನೆ. ಹುಡುಗರು ಅದನ್ನು ಬರೆದುಕೊಂಡು, ಪರೀಕ್ಷೆಯಲ್ಲಿ ಒಬ್ಬನ ಸಾವನ್ನು ಇನ್ನೊಬ್ಬನಿಗೆ ಅಂಟಿಸಿ, ಮೂವರು ಸುಲ್ತಾನರನ್ನು ಒಂದೇ ಗೋರಿಯಲ್ಲಿ ಮಲಗಿಸಿ ಕೈ ತೊಳೆದುಕೊಳ್ಳುತ್ತಾರೆ. ನಾನು ಕೆಂಪು ಪೆನ್ನಿನಿಂದ ಅವರನ್ನು ಎಬ್ಬಿಸಿ, ಅವರವರ ಇಸವಿಯಲ್ಲಿ ಮತ್ತೆ ಸಾಯಿಸುತ್ತೇನೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವನಿಗೆ ತಾನು ಸಾವಿನ ವಿಷಯದಲ್ಲಿ ಬಲು ಗಟ್ಟಿ ಮನುಷ್ಯ ಎಂಬ ಭ್ರಮೆ ಬರುವುದು ಸಹಜ. ನನ್ನ ಭ್ರಮೆಯನ್ನು ಬಿಡಿಸಿದವನು ನಮ್ಮ ಶಂಕ್ರಪ್ಪ ಕಾಕಾ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನಾವೆಲ್ಲ ಬ್ಯಾಡಗಿಯಲ್ಲಿ ಒಂದೇ ಮನೆಯಲ್ಲಿದ್ದೇವೆ. ಅವನಿಗೆ ಹಗಲು ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಕೆಲಸ, ಸಂಜೆ ರಾಣೆಬೆನ್ನೂರಿನ ಹವ್ಯಾಸಿ ತಂಡದಲ್ಲಿ ನಾಟಕ. ಮೀಸೆ ಮತ್ತು ಗಂಟಲು ಎರಡೂ ದೊಡ್ಡವಾದ್ದರಿಂದ ಕಾಕಾನಿಗೆ ರಾಜನ ಪಾತ್ರ ಬಿಟ್ಟು ಬೇರೆ ಕೊಟ್ಟವರಿಲ್ಲ. ಒಮ್ಮೆ ಸೇವಕನ ಪಾತ್ರ ಕೊಟ್ಟು ನೋಡಿದರಂತೆ. ಇವನು "ಅಪ್ಪಣೆ ಪ್ರಭು" ಎಂದ ಗತ್ತಿಗೆ ರಾಜನೇ ಎದ್ದು ನಿಂತನಂತೆ. ಹೋದ ವರ್ಷ ನನ್ನನ್ನು ಹಿಡಿದು ಕೂರಿಸಿದ. "ಪುರಾಣದ ರಾಜರೆಲ್ಲಾ ತೀರಿದ್ರು. ಇತಿಹಾಸದಾಗಿಂದ ಒಬ್ಬ ಹೊಸಾ ರಾಜಾನ್ನ ತಗದು ಕೊಡೋ ಮಾಸ್ತರ. ಖಡ್ಗ ಹಿಡಿಯಾಂವ ಇರಬೇಕ."

ಆ ವಾರ ನಾನು ಪಾಠ ಮಾಡುತ್ತಿದ್ದದ್ದು ಇಂಗ್ಲೆಂಡಿನ ಐದನೆಯ ಹೆನ್ರಿಯನ್ನು. ಕೈಗೆ ಸಿಕ್ಕವನನ್ನೇ ಕೊಟ್ಟೆ. "ಐದನೇದಂವ ಯಾಕ? ಮೊದಲ ನಾಕ ಮಂದಿಗೆ ಏನಾಗಿತ್ತು?" ಎಂದು ಕಾಕಾ ಕೇಳಿದ. ಅವರಲ್ಲಿ ಹಳಬರ ಹೆಸರನ್ನೇ ಮತ್ತೆ ಮತ್ತೆ ಇಡುತ್ತಾರೆ ಎಂದೆ. "ನಮ್ಮನ್ಯಾಗೂ ಅಜ್ಜನ ಹೆಸರು ಮೊಮ್ಮಗಗ ಇಡ್ತೇವಿ. ಹಂಗಾರ ನಮ್ಮ ಮಂದಿನ ಅವರು," ಎಂದು ಸಮಾಧಾನ ಪಟ್ಟ. ಮರುದಿನದಿಂದ ಹೆನ್ರಿ ಹೆನ್ರಪ್ಪ ರಾಜನಾದ. ಹಾವೇರಿ ಜಿಲ್ಲೆಯ ಗಡಿ ದಾಟಿ ಒಳಗೆ ಬಂದ ಯಾವ ಹೆಸರೂ 'ಅಪ್ಪ' ಸೇರಿಸಿಕೊಳ್ಳದೆ ಉಳಿಯುವುದಿಲ್ಲ.

ನಾಟಕ ಬರೆಯತೊಡಗಿದೆ, ಜಗಳವೂ ಸುರುವಾಯಿತು. ಹದಿಹರೆಯದಲ್ಲಿ ಮುಖಕ್ಕೆ ಬಾಣ ನಾಟಿದರೂ ರಾಜ ಬದುಕಿದ ಎಂದರೆ ಕಾಕಾನಿಗೆ ಖುಷಿ. ಕೆಸರಿನಲ್ಲಿ ಹೂತ ಫ್ರೆಂಚರ ದೊಡ್ಡ ಸೈನ್ಯವನ್ನು ಹಸಿದ ಸಣ್ಣ ಸೈನ್ಯದಿಂದ ಹೊಡೆದ ಎಂದರೆ ಇನ್ನೂ ಖುಷಿ. ಆದರೆ ಅದೇ ದಿನ, ಶರಣಾಗಿ ನಿಂತ ಸೆರೆಯಾಳುಗಳನ್ನು ಕೊಲ್ಲಿಸಿದ ಎಂದಾಗ ಮುಖ ಗಂಟಿಕ್ಕಿದ. "ಕೈ ಮುಗದವರನ್ನ ಕೊಲ್ಲಿಸಿದಾಂವ ಹೀರೋ ಹೆಂಗ ಆಕ್ಕಾನ?" ಇತಿಹಾಸ ಹಾಗೇ ಇದೆ ಎಂದೆ. ಕೊನೆಗೆ, ಆ ಹುಕುಂ ಕೊಟ್ಟ ಮೇಲೆ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಲ್ಲುವುದಾಗಿ ಒಪ್ಪಿದ. ನಿಜವಾದ ಯುದ್ಧ ನಡೆದದ್ದು ಕೊನೆಯ ದೃಶ್ಯದ ಮೇಲೆ. ಅಂಥ ವೀರ ಮೂವತ್ತೈದರ ವಯಸ್ಸಿಗೆ, ಪರದೇಶದಲ್ಲಿ, ರಕ್ತಭೇದಿಯಾಗಿ ಸತ್ತ. ಕಾಕಾ ಕೂತಲ್ಲಿಂದ ಎದ್ದೇಬಿಟ್ಟ. "ರಾಜಾ ಚರಿಗಿ ಹಿಡಕೊಂಡು ಓಡ್ಯಾಡಿ ಸಾಯೂದನ್ನ ನೋಡಾಕ ಯಾರ ಬರ್ತಾರಲೇ? ಒಂದು ಬಾಣಾ ಹೊಡಿ, ಒಂದು ಹಾಡು ಕೊಡು, ನಾ ಚೆಂದಂಗ ಸಾಯ್ತೇನಿ." ನಾನು ಜಗ್ಗಲಿಲ್ಲ. ರಾಜನ ಮೀಸೆ ಬೇಕಾದರೆ ನಿನ್ನದು, ಸಾವು ಮಾತ್ರ ಇತಿಹಾಸದ್ದು ಎಂದು ಹಟ ಹಿಡಿದೆ. ಎರಡು ತಿಂಗಳು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಭೇದಿಯದೇ ಮಾತು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಅನ್ನ ಬಡಿಸುವ ಸೌಟಿನಿಂದಲೇ ಇಬ್ಬರಿಗೂ ಹೊಡೆಯುವುದು ಬಾಕಿ ಇತ್ತು.

ಇದೆಲ್ಲದರ ನಡುವೆ ಕಾಕಾ ಕೆಮ್ಮುತ್ತಿದ್ದ. ಇದನ್ನು ಮೊದಲೇ ಹೇಳಬೇಕಿತ್ತು, ಆದರೆ ನಮ್ಮೂರಲ್ಲಿ ಯಾರೂ ಇದನ್ನು ಮೊದಲು ಹೇಳುವುದಿಲ್ಲ. ಬ್ಯಾಡಗಿಯಲ್ಲಿ ಕೆಮ್ಮು ರೋಗವಲ್ಲ, ಹವಾಮಾನ. ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲ ಸುರುವಿದರೆ ಘಾಟಿಗೆ ಇಡೀ ಪೇಟೆಯೇ ಕೆಮ್ಮುತ್ತದೆ, ದಲಾಲರು ಕೆಮ್ಮುತ್ತ ದರ ಕೂಗುತ್ತಾರೆ, ಬೀಗರು ಕೆಮ್ಮುತ್ತ ಲಗ್ನ ಕುದುರಿಸುತ್ತಾರೆ. ಕೆಮ್ಮದೆ ಹಾದು ಹೋದವನನ್ನು "ಪರಊರಿನವ" ಎಂದು ತಿರುಗಿ ನೋಡುತ್ತೇವೆ. ಅಷ್ಟು ಕೆಮ್ಮಿನ ನಡುವೆ ಒಬ್ಬನ ಕೆಮ್ಮು ಬೇರೆಯದು ಎಂದು ಯಾರಿಗೆ ಗೊತ್ತಾಗಬೇಕು? ಸುಗ್ಗಿ ಮುಗಿಯಿತು, ಮಳೆ ಬಂತು, ಪೇಟೆ ಸುಮ್ಮನಾಯಿತು. ಕಾಕಾನ ಕೆಮ್ಮು ಮಾತ್ರ ಹಾಗೇ ಉಳಿಯಿತು. ಹಾವೇರಿಯ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯ ಡಾಕ್ಟರು ಕಾಕಾನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಪುಪ್ಪುಸದಲ್ಲಿ ಗಡ್ಡೆ. ಹಬ್ಬಿದೆ. ತಡವಾಗಿದೆ.

ಆ ಸಂಜೆ ಚಿಗವ್ವನನ್ನು ಹಿತ್ತಲಿಗೆ ಕರೆದು ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ಅವರ ಮುಂದ ಬಾಯಿ ಬಿಡಬ್ಯಾಡಪಾ. ನಾಟಕ ಆಗೂತನಕಾ ರಾಜಾ ಆಗೇ ಇರಲಿ," ಎಂದಳು. ನಾನು ಕಾಕಾನಿಗೆ ಘಾಟು ಪುಪ್ಪುಸಕ್ಕೆ ಇಳಿದಿದೆ, ಗುಳಿಗೆಯಲ್ಲಿ ವಾಸಿಯಾಗುತ್ತದೆ ಎಂದು ಹೇಳಿದೆ. ಅವನು ಹೂಂ ಎಂದ. ನನ್ನ ಅಭಿನಯಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ನಾಟಕದ ಪ್ರತಿ ತೆಗೆದು ಕೂತೆ. ಹಾಸಿಗೆ ಹಿಡಿದ ರಾಜನ ಬಾಯಲ್ಲಿ ನಾನು ಹಾಕಿದ್ದ ಮಾತುಗಳನ್ನು ಕಾಕಾ ಹೇಳುವುದನ್ನು ಕೇಳುವ ಎದೆ ನನಗಿರಲಿಲ್ಲ. ಕೊನೆಯ ದೃಶ್ಯವನ್ನೇ ಹರಿದೆ. ಅದರ ಜಾಗದಲ್ಲಿ ಯುದ್ಧ ಗೆದ್ದ ರಾಜ ಫ್ರಾನ್ಸಿನ ರಾಜಕುಮಾರಿಯನ್ನು ಲಗ್ನವಾಗಿ, ಎಲ್ಲರ ಮೇಲೆ ಅಕ್ಷತೆ ಬಿದ್ದು, ಮಂಗಳ ಹಾಡುವಂತೆ ಬರೆದೆ. ಕಾಕಾ ಅದನ್ನು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಓದಿದ. ಕನ್ನಡಕ ತೆಗೆದ.

"ರಾಜಾ ಸಾಯೂದ ಎಲ್ಲೈತಿ?"

"ಬ್ಯಾಡ ಅನಿಸ್ತು ಕಾಕಾ. ಮಂದಿಗೆ ಬ್ಯಾಸರಾ ಆಕ್ಕೈತಿ."

"ಎರಡು ತಿಂಗಳಾತು, ಬಾಣಾ ಹೊಡದು ಕೊಲ್ಲೋ ಅಂದ್ರೂ ಇತಿಹಾಸಾ, ಇತಿಹಾಸಾ ಅಂತ ನನ್ನ ಜೀವಾ ತಿಂದಿ. ಈಗ ಪೂರಾ ಬದುಕಿಸೇ ಬಿಟ್ಟಿ." ಸ್ವಲ್ಪ ಕೆಮ್ಮಿ, ನನ್ನ ಮುಖವನ್ನೇ ನೋಡಿದ. "ಎಷ್ಟ ದಿನಾ ಅಂದಾರ ಡಾಕ್ಟರು?"

ನಾನು ಅವನ ಕೈಯಲ್ಲಿದ್ದ ಹಾಳೆಗಳನ್ನು ತೆಗೆದುಕೊಂಡು ಜೋಡಿಸತೊಡಗಿದೆ. ಕಾಕಾ ನನ್ನ ಬೆನ್ನ ಮೇಲೆ ಕೈ ಇಟ್ಟ. ಸಮಾಧಾನ ಮಾಡಬೇಕಾದವನು ನಾನು, ಮಾಡಿಸಿಕೊಂಡವನೂ ನಾನೇ. "ನಿಮ್ಮ ಚಿಗವ್ವಗ ನನಗ ಗೊತ್ತಾಗೈತಿ ಅಂತ ಹೇಳಬ್ಯಾಡ. ನನಗ ತಿಳಿದಿಲ್ಲಂತ ಆಕಿ ಧೈರ್ಯಾ ಹಿಡದಾಳ," ಎಂದ. "ಸಾಯೂ ಸೀನ್ ಮತ್ತ ಬರಿ. ಹಾಸಿಗಿ, ಭೇದಿ, ಎಲ್ಲಾ ನೀ ಅಂದಂಗ ಇರಲಿ. ರಾಜಾಗ ಏನೂ ಆಗಿಲ್ಲ ಅನ್ನೂ ರಾಜವೈದ್ಯನ ಪಾತ್ರಾ ನೀನ ಮಾಡು. ಖರೇ ಹೇಳಬೇಕಂದ್ರ ನಿನಗ ಸುಳ್ಳು ಹೇಳಾಕ ಬರಂಗಿಲ್ಲ, ಆದ್ರ ತಾಲೀಮ ಆಗೈತಿ."

ಅಂದಿನಿಂದ ನಮ್ಮ ಮನೆಯಲ್ಲಿ ನಿತ್ಯ ನಾಟಕ. ಗೊತ್ತಿಲ್ಲ ಎಂದು ಕಾಕಾ, ಏನೂ ಆಗಿಲ್ಲ ಎಂದು ಚಿಗವ್ವ, ಇಬ್ಬರೂ ಅದ್ಭುತವಾಗಿ ನಟಿಸುತ್ತಿದ್ದರು. ನಡುವೆ ನಾನೊಬ್ಬ ಎರಡೂ ಕಡೆಯ ಗುಟ್ಟು ನುಂಗಿಕೊಂಡು, ರೊಟ್ಟಿ ಮುರಿಯಲೂ ಹೆದರುತ್ತ ಕೂರುತ್ತಿದ್ದೆ.

ಪ್ರಯೋಗ ರಾಣೆಬೆನ್ನೂರಿನಲ್ಲಿ, ಸಂಜೆಗೆ. ಬೀಜದ ಅಂಗಡಿಯವರು, ಆಟೋದವರು, ಬ್ಯಾಡಗಿಯ ಅರ್ಧ ಪೇಟೆ, ಎಲ್ಲ ಸೇರಿತ್ತು. ಮುಂದಿನ ಸಾಲಿನಲ್ಲಿ ಚಿಗವ್ವ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ನಮ್ಮ ಕಡೆ ಒಂದು ಪದ್ಧತಿ ಇದೆ: ದೃಶ್ಯ ಮನಸ್ಸಿಗೆ ಹಿಡಿಸಿದರೆ ಜನ "ವನ್ಸ್ ಮೋರ್" ಎಂದು ಕೂಗುತ್ತಾರೆ, ಆಗ ಸತ್ತವನೂ ಎದ್ದು ಮತ್ತೊಮ್ಮೆ ಸಾಯಬೇಕು. ಕಾಕಾ ತನ್ನ ಕಾಲದಲ್ಲಿ ಒಂದೇ ನಾಟಕದಲ್ಲಿ ನಾಲ್ಕು ಸಲ ಸತ್ತು ಹೆಸರು ಮಾಡಿದವನು. ಕೊನೆಯ ದೃಶ್ಯ ಬಂತು. ಹೆನ್ರಪ್ಪ ರಾಜ ಮಂಚದ ಮೇಲೆ ಮಲಗಿದ್ದ. ನಾನು ಗಡ್ಡ ಅಂಟಿಸಿಕೊಂಡು, ನಾಡಿ ಹಿಡಿದು, "ಪ್ರಭು, ಇದು ಕೇವಲ ಹವೆಯ ದೋಷ. ಬೇಗನೆ ಕುದುರೆ ಏರುವಿರಿ," ಎನ್ನಬೇಕು. ಬೆರಳಡಿಯಲ್ಲಿ ಆ ತೆಳ್ಳಗಾದ ಮುಂಗೈ ಸಿಕ್ಕಿತು. ನನ್ನ ಬಾಯಿಂದ "ಪ್ರಭು" ಕೂಡ ಬರಲಿಲ್ಲ. "ಕಾಕಾ" ಎಂದು ಬಂತು. ಆ ಮೇಲೆ ಬಂದದ್ದೆಲ್ಲ ಅಳು. ಗಡ್ಡ ಕಿತ್ತುಬಂದು ರಾಜನ ಎದೆಯ ಮೇಲೆ ಬಿತ್ತು.

ಆಮೇಲೆ ಹಿಂದಿನಿಂದ ಯಾರೋ ಕೂಗಿದರು: "ಮಾಸ್ತರ, ವನ್ಸ್ ಮೋರ್!" ಇಡೀ ರಂಗಮಂದಿರ ಅದನ್ನೇ ಹಿಡಿಯಿತು. ಕಾಕಾ ಕಣ್ಣು ಮುಚ್ಚಿಕೊಂಡೇ, ತುಟಿ ಅಲ್ಲಾಡಿಸದೆ ಅಂದ: "ಅಳೋ. ಕೇಳಾಕತ್ತಾರ." ಮತ್ತೆ ಅತ್ತೆ. ಮತ್ತೆ ಕೂಗಿದರು. ಹುಟ್ಟಿದಾಗಿನಿಂದ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅಳು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಕೊನೆಗೆ ಇಂಗ್ಲೆಂಡಿನ ರಾಜ ಒಂದು ಕಣ್ಣು ತೆರೆದು ನನ್ನ ಕೈ ಹಿಸುಕಿದ.

"ಸಾಕ ಮಾಡೋ ಮಾಸ್ತರ," ಎಂದ, "ನನಗೂ ಒಂದಿಷ್ಟು ಸಾಯಾಕ ಬಿಡು."