ಐದಿಂಚಿನ ಹೊಸಿಲೂ ನನ್ನ ಸೊಂಟವೂ

ದಿನಾಂಕ ಗೊತ್ತುಮಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ತ್ಯಾಗರಾಜನಗರದಲ್ಲಿ ಮಾತ್ರವಲ್ಲ, ಇಡೀ ದಕ್ಷಿಣ ಬೆಂಗಳೂರಿನಲ್ಲೇ ಇಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ಆ ಕಾಲ ಕಳೆದ ದಸರಾ ರಜೆಗೆ ಮುಗಿಯಿತು.

ಕಾರ್ಖಾನೆಯೊಂದರಲ್ಲಿ ಯಾವ ಯಂತ್ರವನ್ನು ಯಾವತ್ತು ನಿಲ್ಲಿಸಬೇಕು, ಯಾವತ್ತು ಎಣ್ಣೆ ಬಿಡಬೇಕು, ಯಾವತ್ತು ಮತ್ತೆ ಓಡಿಸಬೇಕು ಎಂದು ವೇಳಾಪಟ್ಟಿ ಬರೆಯುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಉದ್ಯೋಗ. ಈ ಚಿದಾನಂದ ಬರೆದ ದಿನ ಬಂದರೆ ಇನ್ನೂರು ಟನ್ನಿನ ಪ್ರೆಸ್ಸು ಕೂಡ ತೆಪ್ಪಗೆ ನಿಲ್ಲುತ್ತದೆ. ಹಾಗಿರುವಾಗ ಒಂಬತ್ತು ಕಿಲೋ ತೂಕದ ಒಂದು ಮಗುವನ್ನು ಥೀಮ್ ಪಾರ್ಕಿಗೆ ಯಾವತ್ತು ಕರೆದುಕೊಂಡು ಹೋಗಬೇಕು ಎಂದು ಗೊತ್ತುಮಾಡುವುದೂ ಒಂದು ಕೆಲಸವೇ!

ಮಗು ಎಂದರೆ ಶ್ರೀಕರ. ಹತ್ತು ತಿಂಗಳು. ನನ್ನ ನಲವತ್ತಾರನೇ ವಯಸ್ಸಿನಲ್ಲಿ, ಓದುವ ಕನ್ನಡಕದ ಜೊತೆಜೊತೆಗೇ ಮನೆಗೆ ಬಂದವನು. ಥೀಮ್ ಪಾರ್ಕು ಬೇಕಾಗಿದ್ದುದು ಅವನಿಗಲ್ಲ, ಅವನ ಅಕ್ಕ ಸಂಹಿತಾಳಿಗೆ. ಎಂಟು ವರ್ಷದ ಅವಳಿಗೆ ನಾನು ಮಾತು ಕೊಟ್ಟು ಎರಡು ವರ್ಷವಾಗಿತ್ತು. ಮೊದಲ ಸಲ, ಅಲ್ಲಿನ ದೊಡ್ಡ ರೈಡ್ ಹತ್ತಲು ಬೇಕಾದ ನಾಲ್ಕು ಅಡಿ ಎತ್ತರ ಅವಳಿಗಿರಲಿಲ್ಲ. ಎರಡನೇ ಸಲ, ಅವಳ ಅಮ್ಮ ವಿಭಾಗೆ ಎಂಟು ತಿಂಗಳು. ಮೂರನೇ ಸಲ, ಶ್ರೀಕರನಿಗೆ ಎರಡು ತಿಂಗಳು. "ತಮ್ಮ ಸ್ವಲ್ಪ ದೊಡ್ಡವನಾಗಲಿ, ಹೋಗೋಣ" ಎಂದುಬಿಟ್ಟಿದ್ದೆ. ಅಂದಿನಿಂದ ಅವಳು ಪ್ರತಿ ಭಾನುವಾರ ತಲೆಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ನನ್ನ ಕೈಯಿಂದ ನೆತ್ತಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿಸುತ್ತಿದ್ದಳು. ಸೆಪ್ಟೆಂಬರಿನ ಕೊನೆಯ ಭಾನುವಾರ ಗೆರೆ ನಾಲ್ಕು ಅಡಿ ಮುಟ್ಟಿತು.

"ಅಪ್ಪ, ನಂದು ಆಯ್ತು. ಇವನದು ಯಾವಾಗ ಆಗೋದು?" ಎಂದು ಕೇಳಿದಳು.

ನಾನು ಆ ಕ್ಷಣವೇ ಪ್ರತಿಜ್ಞೆ ಮಾಡಿದೆ. ಈ ದಸರಾ ರಜೆಯಲ್ಲೇ ಹೋಗುವುದು. ಎರಡು ರಾತ್ರಿ ಅಲ್ಲೇ ಉಳಿಯುವುದು. ಯಾವ ದಿನ ಎಂಬುದನ್ನು ಶುದ್ಧ ವೈಜ್ಞಾನಿಕವಾಗಿ ತೀರ್ಮಾನಿಸುವುದು. ಫ್ರಿಜ್ಜಿನ ಬಾಗಿಲಿಗೆ ಬಣ್ಣಬಣ್ಣದ ಪಟ್ಟಿಯೊಂದನ್ನು ಅಂಟಿಸಿದೆ. ಒಂದು ಸಾಲಿನಲ್ಲಿ ಲಸಿಕೆ, ಒಂದರಲ್ಲಿ ಹಲ್ಲು, ಒಂದರಲ್ಲಿ ನಿದ್ದೆ, ಇನ್ನೊಂದರಲ್ಲಿ ಮಳೆ. ಆಮೇಲೆ ಪ್ರಜಾಪ್ರಭುತ್ವದ ಮೇಲಿನ ಗೌರವದಿಂದ ಎಲ್ಲರ ಅಭಿಪ್ರಾಯ ಕೇಳಿದೆ.

ಕೇಳಬಾರದಿತ್ತು.

ಮಕ್ಕಳ ಡಾಕ್ಟರು ಲಸಿಕೆಯಾಗಿ ಮೂರು ದಿನ ಬಿಟ್ಟು ಹೋಗಿ ಎಂದರು. ವಿಭಾ, ಅವನು ರಾತ್ರಿಯಿಡೀ ನಿದ್ದೆ ಮಾಡುವುದನ್ನು ಕಲಿತ ಮೇಲೆ ಹೋಗೋಣ ಎಂದಳು. ಆ ಲೆಕ್ಕದಲ್ಲಿ ನಾವು ಹೊರಡುವ ಹೊತ್ತಿಗೆ ಶ್ರೀಕರ ಕೆಲಸದಿಂದ ನಿವೃತ್ತನಾಗಿರುತ್ತಿದ್ದ! ಪಕ್ಕದ ಮನೆಯ ಗುಂಡಣ್ಣನವರು, ನಿವೃತ್ತ ಮೇಷ್ಟ್ರು, ಇನ್ನೂ ಐದು ವರ್ಷ ತಡೆಯಿರಿ ಎಂದು ತೀರ್ಪಿತ್ತರು.

"ಈಗ ಕರ್ಕೊಂಡ್ ಹೋದ್ರೆ ಅವನಿಗೇನು ನೆನಪಿರುತ್ತಯ್ಯಾ ಚಿದಾನಂದ?"

ಒಳಗಿನಿಂದ ವಿಭಾ, "ನೆನಪಿರಲ್ಲ ಅಂತ ಅವನಿಗೆ ತಿಂಡಿ ಕೊಡೋದನ್ನ ಬಿಟ್ಟಿದೀವಾ ಅಂಕಲ್?" ಎಂದಳು. ಗುಂಡಣ್ಣನವರು ಕಾಫಿಯ ಕಡೆ ಗಮನ ಹರಿಸಿದರು.

ಕೊನೆಗೆ ನಾಲ್ಕೂ ಸಾಲುಗಳು ಕೂಡುವ ದಿನವೊಂದು ಸಿಕ್ಕಿತು. ಶನಿವಾರ! ಲಸಿಕೆ ಮುಗಿದಿರುತ್ತದೆ, ಮೇಲಿನ ಎರಡು ಹಲ್ಲು ಬಂದಿರುತ್ತವೆ, ಮಳೆ ಇರುವುದಿಲ್ಲ, ಬೆಳಿಗ್ಗೆ ಏಳೂವರೆಗೆ ಹೊರಟರೆ ಮಗು ದಾರಿಯಲ್ಲೇ ನಿದ್ದೆ ಮಾಡುತ್ತದೆ. ಕೋಣೆ ಕಾದಿರಿಸಿದೆ. ಸೋಮವಾರ ಬೆಳಿಗ್ಗೆ ಮನೆಮಂದಿಯನ್ನೆಲ್ಲ ನಡುಮನೆಗೆ ಕರೆದು, ದಂಡಯಾತ್ರೆಗೆ ಹೊರಟ ಅರಸನಂತೆ ಘೋಷಿಸಿದೆ. ಸಂಹಿತಾ ಅರ್ಧ ಘೋಷಣೆಗೇ ಓಡಿಹೋಗಿ ತನ್ನ ಈಜುಡುಗೆಯನ್ನು ಬ್ಯಾಗಿಗೆ ತುಂಬಿದಳು.

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನನ್ನ ಅಮ್ಮ ಪಂಕಜಾ, ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು.

"ಮಗು ಹೊಸಿಲು ದಾಟಿದೆಯಾ?"

ನನ್ನ ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ. ನಮ್ಮ ಮನೆಯ ಪದ್ಧತಿ ಹೀಗೆ: ಮಗು ಅಂಬೆಗಾಲಿಟ್ಟು ತಾನಾಗಿ ತಲೆಬಾಗಿಲ ಹೊಸಿಲು ದಾಟಿದ ದಿನ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೊಬ್ಬರಿ ಮಿಠಾಯಿ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಬೇಕು. ಅದು ಆಗುವ ತನಕ ಮಗುವನ್ನು ಊರ ಗಡಿ ದಾಟಿಸುವಂತಿಲ್ಲ. ನಾವೇ ಎತ್ತಿ ಆಚೆ ಇಟ್ಟರೆ ಅದು ಲೆಕ್ಕಕ್ಕಿಲ್ಲ.

"ಅಮ್ಮ, ಈಗ ಬೆಂಗಳೂರಿನ ಗಡಿ ಎಲ್ಲಿದೆ ಅಂತ ಸರ್ಕಾರಕ್ಕೇ ಗೊತ್ತಿಲ್ಲ" ಎಂದೆ.

"ನನಗೆ ಗೊತ್ತು. ಬನಶಂಕರಿ ಗುಡಿ ತನಕ ಊರು. ಅದರಾಚೆ ಪರಸ್ಥಳ."

"ಹಾಗಾದ್ರೆ ಕೋಣನಕುಂಟೆಯ ನನ್ನ ತಮ್ಮನ ಮನೆ ಪರದೇಶನಾ ಅತ್ತೆ?"

"ಅಲ್ಲಿಗೆ ಇವನನ್ನ ಒಂದಿನಾದ್ರೂ ಕಳಿಸಿದೀನಾ?" ಎಂದು ಅಮ್ಮ ಇನ್ನೊಂದು ಹೂಬತ್ತಿಯನ್ನು ತಟ್ಟೆಗೆ ಹಾಕಿದರು. ವಿಭಾ ಯೋಚಿಸಿದಳು. ಕಳಿಸಿರಲಿಲ್ಲ.

ನಾನು ನಕ್ಕುಬಿಟ್ಟೆ. ಶ್ರೀಕರ ಅಂಬೆಗಾಲಿಡುವ ವೇಗಕ್ಕೆ ನಮ್ಮ ಮನೆಯ ಜಿರಳೆಗಳೇ ದಾರಿ ಬಿಡುತ್ತಿದ್ದವು. ಅಂಥವನಿಗೆ ಒಂದು ಹೊಸಿಲೇ? ಪಟ್ಟಿಯ ಕೆಳಗೆ ಐದನೇ ಸಾಲು ಸೇರಿಸಿ, ದಪ್ಪ ಅಕ್ಷರದಲ್ಲಿ ಬರೆದೆ: "ಹೊಸಿಲು. ಮಂಗಳವಾರ, ಸಂಜೆ ಐದು."

ಈಗ ಆ ಹೊಸಿಲಿನ ವಿಷಯ ಹೇಳಬೇಕು. ಅದು ನನ್ನ ತಾತ ಹಾಕಿಸಿದ್ದು. ತೇಗ. ಐದಿಂಚು ಎತ್ತರ. ನಮ್ಮ ಮನೆಗೆ ಬಂದ ನೆಂಟರೆಲ್ಲ ಕಾಲ್ಬೆರಳು ಹಿಡಿದುಕೊಂಡೇ ಕುಶಲ ವಿಚಾರಿಸುತ್ತಾರೆ.

ಮಂಗಳವಾರ ಸಂಜೆ ಐದಕ್ಕೆ ಹೊಸಿಲಿನಾಚೆ ಗಿಲಕಿ ಇಟ್ಟು ಕುಳಿತೆ. ಶ್ರೀಕರ ಬಿರುಗಾಳಿಯಂತೆ ಬಂದ. ನಿಂತ. ಹೊಸಿಲಿನ ಮೇಲೆ ಎರಡೂ ಅಂಗೈಗಳಿಂದ ತಬಲಾ ಬಾರಿಸಿದ. ಅದರ ಅರಿಶಿನವನ್ನು ನೆಕ್ಕಿದ. ಹಳದಿ ಮೂತಿಯಲ್ಲಿ ವಾಪಸು ಹೋದ.

ಬುಧವಾರ ಟಿ.ವಿ. ರಿಮೋಟು, ನನ್ನ ಮೊಬೈಲು, ವಿಭಾಳ ಕನ್ನಡಕ, ಸಾರಿನ ಸೌಟು, ಎಲ್ಲವನ್ನೂ ಆಚೆ ಜೋಡಿಸಿದೆ. ಸೌಟಿಗೆ ಅವನ ಮನಸ್ಸು ಕರಗಿತು. ಹೊಸಿಲ ಮೇಲೆ ಹತ್ತಿದ. ಹತ್ತಿ, ಕೂತುಬಿಟ್ಟ! ಹೊಸಿಲ ಮೇಲೆ ಕೂರಬಾರದೆಂಬುದು ಅಮ್ಮನ ಇನ್ನೊಂದು ಕಾನೂನು. ಎಪ್ಪತ್ತೆರಡು ವರ್ಷದ ಅವರು ಹದಿನೆಂಟರ ಹುಡುಗಿಯಂತೆ ಹಾರಿಬಂದು ಅವನನ್ನು ಎತ್ತಿ ಒಳಗಿಟ್ಟರು.

"ಅಮ್ಮ, ಇನ್ನೊಂದು ನಿಮಿಷ ಬಿಟ್ಟಿದ್ರೆ ದಾಟ್ತಿದ್ದ."

"ದಾಟ್ತಿರಲಿಲ್ಲ. ಕೂತಿದ್ದ."

ಅವನು ಆರು ಸಲ ಹತ್ತಿ ಕೂತ. ಅಮ್ಮ ಆರು ಸಲ ಎತ್ತಿ ಒಳಗಿಟ್ಟರು. ಏಳನೇ ಸಲದ ಹೊತ್ತಿಗೆ ಆಟದ ನಿಯಮವೇ ಇದೆಂದು ಅವನಿಗೆ ಖಾತ್ರಿಯಾಯಿತು. ಹೊಸಿಲು ಹತ್ತುವುದು, ಕೂರುವುದು, ಎತ್ತಿಕೊಳ್ಳಿ ಎಂದು ಎರಡೂ ಕೈ ಚಾಚುವುದು!

ಗುರುವಾರ ನನ್ನ ಬುದ್ಧಿ ಜೆ.ಪಿ. ನಗರಕ್ಕೆ ಓಡಿತು. ಅಲ್ಲಿ ನನ್ನ ಸಹೋದ್ಯೋಗಿ ಮಹಾಂತೇಶನ ಫ್ಲಾಟಿದೆ. ನೆಲಕ್ಕೆ ಸಮವಾಗಿ ನುಣುಪು ಕಲ್ಲು, ಹೊಸಿಲೆಂಬುದೇ ಇಲ್ಲ; ಅಲ್ಲಿ ದಾಟಿಸಿಕೊಂಡು ಬರೋಣವೆಂದೆ. ಹೊಸಿಲೇ ಇಲ್ಲದ ಕಡೆ ಅವನು ದಾಟುವುದಾದರೂ ಏನನ್ನು ಎಂದು ಅಮ್ಮ ಕೇಳಿದರು. ಇಪ್ಪತ್ತೆರಡು ವರ್ಷದ ಅನುಭವಿಯಾದ ನಾನು ಕಾರಿನ ಕೀಲಿಯನ್ನು ಮತ್ತೆ ಮೊಳೆಗೆ ತಗುಲಿಹಾಕಿದೆ.

ಆ ಸಂಜೆ ಸಂಹಿತಾ ತನ್ನ ಬ್ಯಾಗಿನಿಂದ ಈಜುಡುಗೆಯನ್ನು ಹೊರತೆಗೆದು, ಮಡಿಸಿ, ಬೀರುವಿನಲ್ಲಿಟ್ಟಳು. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವಳೇ ನನ್ನನ್ನು ಸಮಾಧಾನ ಮಾಡಿದಳು.

"ಪರವಾಗಿಲ್ಲ ಅಪ್ಪ. ಅವನು ಸ್ಕೂಲಿಗೆ ಹೋಗೋವಾಗ ಹೆಂಗಿದ್ರೂ ದಾಟಲೇಬೇಕಲ್ಲ. ಆವಾಗ ಹೋಗೋಣ."

ನನ್ನೊಳಗಿನ ವೀರ ಎದ್ದು ನಿಂತ. ಎದ್ದು ನಿಂತು, ಶುಕ್ರವಾರ ಬೆಳಿಗ್ಗೆ ನಾಲ್ಕು ಕಾಲಿನ ಮೇಲೆ ಇಳಿದ. ಮಕ್ಕಳು ಕಲಿಯುವುದೇ ನೋಡಿ ನೋಡಿ. ಇವನಿಗೆ ಹೊಸಿಲು ದಾಟಿ ತೋರಿಸಿದವರು ಯಾರು? ಮನೆಯಲ್ಲಿ ಎಲ್ಲರೂ ಕಾಲೆತ್ತಿ ದಾಟುತ್ತಾರೆ. ಅಂಬೆಗಾಲಿನಲ್ಲಿ ದಾಟುವ ಒಬ್ಬ ಗುರು ಅವನಿಗೆ ಬೇಕಿತ್ತು. ಎಂಬತ್ತಾರು ಕಿಲೋ ತೂಕದ ಗುರು ಸಿದ್ಧನಾದ.

"ರೀ, ನಿಮ್ಮ ಸೊಂಟ" ಎಂದಳು ವಿಭಾ.

"ಅಪ್ಪನ ಪ್ರೀತಿಗೆ ಸೊಂಟ ಯಾವ ಲೆಕ್ಕ?" ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಅನ್ನಿಸಿತು.

ಒಂದು ಸಲ ದಾಟಿ ತೋರಿಸಿದೆ. ಶ್ರೀಕರ ನಕ್ಕ. ಎರಡನೇ ಸಲ ದಾಟಿದೆ. ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಯ ಮದದಲ್ಲಿ ಮೂರನೇ ಸಲ ಸ್ವಲ್ಪ ರಭಸದಿಂದ ನುಗ್ಗಿದೆ. ಅರ್ಧ ದಾಟಿದ್ದೆ, ಸೊಂಟದಲ್ಲಿ ಎಲ್ಲೋ 'ಟಕ್' ಎಂದಿತು. ಅಷ್ಟೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೊಟ್ಟೆ ಹೊಸಿಲ ಮೇಲೆ ಕುಸಿಯಿತು. ತಲೆ ಬೀದಿಯ ಪಾಲು, ಕಾಲು ಸಂಸಾರದ ಪಾಲು, ನಡುವಿನದೆಲ್ಲ ಶಾಸ್ತ್ರದ ಪಾಲು!

ಅದೇ ಹೊತ್ತಿಗೆ ದಿನವೂ ಹೂವು ಕೊಡುವ ಬಸವಲಿಂಗಮ್ಮ ಗೇಟಿನ ಬಳಿ ಬುಟ್ಟಿ ಇಳಿಸಿದಳು. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

"ಏನಣ್ಣ, ಏನಾರ ಬಿದ್ದೋಯ್ತಾ?"

"ಮರ್ಯಾದೆ" ಎಂದೆ.

"ಸಿಕ್ರೆ ಹೇಳಣ್ಣ" ಎಂದು ಒಂದು ಮೊಳ ಸೇವಂತಿಗೆಯನ್ನು ನನ್ನ ತಲೆಯ ಪಕ್ಕದಲ್ಲಿಟ್ಟು ಹೋದಳು.

ನನ್ನ ನರಳಾಟ ಕೇಳಿ ಗುಂಡಣ್ಣನವರು ಬಂದರು. ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರು. ಆಮೇಲೆ ನೋಡಿದರೆ ಒಳಗೆ ಹೋಗಲು ದಾರಿಯಿಲ್ಲ. ಬಾಗಿಲ ತುಂಬ ನಾನೇ. ಅಲ್ಲೇ ನಿಂತು ಉಸಿರನ್ನು ಹೇಗೆ ಎಳೆದುಕೊಳ್ಳಬೇಕೆಂದು ಪಾಠ ಶುರುಮಾಡಿದರು. ಅವರ ಚಪ್ಪಲಿ ಸವೆದ ನೀಲಿ ರಬ್ಬರಿನದು. ಗಿಲಕಿಗೆ, ರಿಮೋಟಿಗೆ, ಮೊಬೈಲಿಗೆ ಬಗ್ಗದ ಶ್ರೀಕರನ ಕಣ್ಣು ಅದರ ಮೇಲೆ ಬಿತ್ತು.

ಮೊದಲು ನನ್ನ ಮೀನಖಂಡದ ಮೇಲೆ ಎರಡು ಪುಟ್ಟ ಕೈಗಳು ಬಿದ್ದವು. ಆಮೇಲೆ ತೊಡೆ. ಆಮೇಲೆ, ದೇವರೇ, ಸೊಂಟ! ನೋವಿದ್ದ ಜಾಗವನ್ನೇ ಆರಿಸಿ ಅವನು ಮೊಣಕಾಲೂರಿದ. ಬೆನ್ನ ಮೇಲೆ ತೆವಳಿ, ಕಿವಿ ಹಿಡಿದುಕೊಂಡು, ಉಳಿದಿದ್ದ ನಾಲ್ಕು ಕೂದಲನ್ನೂ ಜಗ್ಗಿ, ತಲೆಯ ಮೇಲಿಂದ ಜಾರಿ ಆಚೆ ಇಳಿದ. ನೆಟ್ಟಗೆ ಹೋಗಿ ಚಪ್ಪಲಿಯ ಉಂಗುಷ್ಠಕ್ಕೆ ಬಾಯಿ ಹಾಕಿದ.



"ದಾಟಿದ" ಎಂದಳು ಸಂಹಿತಾ, ಮೆಲ್ಲಗೆ. "ಅಜ್ಜಿ, ದಾಟಿದ ಅಲ್ವಾ?"

ವಿಭಾ ನನ್ನನ್ನು ದಾಟಿಕೊಂಡು ಹೋಗಿ ಅವನ ಬಾಯಿಂದ ಚಪ್ಪಲಿ ಕಿತ್ತಳು. ನಾನು ನೆಲ ನೋಡುತ್ತಲೇ, ಯಾರೂ ಎತ್ತಿಲ್ಲ, ಗುಂಡಣ್ಣನವರೇ ಸಾಕ್ಷಿ ಎಂದು ಕೂಗಿದೆ. ಅಮ್ಮ ಮಾತ್ರ ಗಲ್ಲದ ಮೇಲೆ ಬೆರಳಿಟ್ಟು ನಿಂತಿದ್ದರು.

"ಹೊಸಿಲನ್ನ ಅವನು ಮುಟ್ಟಲೇ ಇಲ್ಲವಲ್ಲೋ. ಅವನು ದಾಟಿದ್ದು ನಿನ್ನನ್ನ."

ಸಂಹಿತಾ ಚೌಕಟ್ಟಿನ ಪೆನ್ಸಿಲ್ ಗೆರೆಗಳ ಪಕ್ಕ ನಿಂತು ಅಜ್ಜಿಯನ್ನೇ ನೋಡಿದಳು. ಅಜ್ಜಿ ಅವಳನ್ನು ನೋಡಿದರು, ಗೆರೆಗಳನ್ನು ನೋಡಿದರು, ಕೊನೆಗೆ ನನ್ನ ಬೆನ್ನನ್ನು ನೋಡಿದರು.

"ಹೊಸಿಲ ಮೇಲೆ ಅಡ್ಡ ಬಿದ್ದಿರೋದೂ ಹೊಸಿಲೇ. ಸಂಹಿತಾ, ಕಾಯಿ ತಗೊಂಡ್ ಬಾ ಪುಟ್ಟ."

ನಿಜವಾದ ಹೊಸಿಲು ನನ್ನ ಹೊಟ್ಟೆಯ ಕೆಳಗಿತ್ತಾದ್ದರಿಂದ ಅರಿಶಿನ ಕುಂಕುಮ ನನ್ನ ಸೊಂಟಕ್ಕೇ ಬಿತ್ತು. ಬಸವಲಿಂಗಮ್ಮನ ಸೇವಂತಿಗೆ ಅದರ ಮೇಲೆ ಏರಿತು. ಕಾಯಿಯನ್ನು ನನ್ನ ಕಿವಿಯ ಪಕ್ಕದಲ್ಲೇ ಒಡೆದರು. ಪೂಜೆ ಸಾಂಗವಾಗಿ ಮುಗಿದ ಮೇಲೆ ಮಹಾಂತೇಶನನ್ನು ಕರೆಸಿ, ಅವನೂ ಗುಂಡಣ್ಣನವರೂ ಸೇರಿ, ಮದುವೆಮನೆಯ ಜಮಖಾನೆ ಸಾಗಿಸಿದಂತೆ ನನ್ನನ್ನು ಒಳಗೆ ಸಾಗಿಸಿದರು. ಡಾಕ್ಟರು ಬಂದು ನೋಡಿ ಮೂರು ದಿನ ಅಲುಗಾಡಬಾರದು ಎಂದರು.

ಶನಿವಾರ ಬೆಳಿಗ್ಗೆ ಮಂಚದಿಂದಲೇ ಕೊನೆಯ ಪ್ರಯತ್ನ ಮಾಡಿದೆ.

"ಹಿಂದಿನ ಸೀಟಲ್ಲಿ ಮಲಗಿಕೊಂಡೇ ಬರ್ತೀನಿ ಅಮ್ಮ. ಎತ್ತಿ ಕಾರಿಗೆ ಹಾಕಿದ್ರೆ ಸಾಕು."

"ಎತ್ತಿ ದಾಟಿಸಿದ್ರೆ ಲೆಕ್ಕಕ್ಕಿಲ್ಲ. ನೀನಾಗಿ ಹೊಸಿಲು ದಾಟೋ ತನಕ ಊರ ಗಡಿ ದಾಟೋ ಹಾಗಿಲ್ಲ" ಎಂದ ಅಮ್ಮ, ಸೀರೆಯ ಕೆಳಗೆ ಹೊಸ ಬಿಳಿ ಶೂ ತೊಟ್ಟುಕೊಂಡು, ಕಾರಿನ ಮುಂದಿನ ಸೀಟಿನಲ್ಲಿ ಪ್ರತಿಷ್ಠಾಪಿತರಾದರು. ವಿಭಾ ಕಾರು ಹೊರಡಿಸಿದಾಗ ಸರಿಯಾಗಿ ಏಳೂವರೆ. ನನ್ನ ವೇಳಾಪಟ್ಟಿ ಒಂದು ನಿಮಿಷವೂ ತಪ್ಪಲಿಲ್ಲ! ತಪ್ಪಿದವನು ನಾನೊಬ್ಬನೇ.

ಗುಂಡಣ್ಣನವರು ನನ್ನ ಆರೈಕೆಗೆ ನೇಮಕವಾದರು. ಹೊತ್ತುಹೊತ್ತಿಗೆ ಮೊಸರನ್ನ, ಎಡೆಬಿಡದೆ ಉಪದೇಶ. ನಡುನಡುವೆ ಫೋಟೋಗಳು ಬರುತ್ತಿದ್ದವು. ಯಾರಿಗಾಗಿ ಇಡೀ ಮನೆ ಕ್ಯಾಲೆಂಡರು ಹಿಡಿದು ಕೂತಿತ್ತೋ ಆ ಶ್ರೀಕರ ಪ್ರತಿಯೊಂದರಲ್ಲೂ ನಿದ್ದೆ ಮಾಡುತ್ತಿದ್ದ. ಜಯಂಟ್ ವೀಲಿನ ತುದಿಯಲ್ಲಿ ಬಿಳಿ ಶೂ ಮಾತ್ರ ಕಾಣುವ ಒಂದು ಚಿತ್ರವಿತ್ತು. ಸಂಜೆ ಸಂಹಿತಾಳ ಫೋನು ಬಂತು.

"ಅಪ್ಪ, ಇಲ್ಲಿ ದೊಡ್ಡ ರೈಡ್ ಹತ್ರ ಅಳತೆ ನೋಡ್ತಾರೆ. ನನ್ನ ತಲೆ ಗೆರೆಗೆ ಸರಿಯಾಗಿ ಮುಟ್ತು. ನಾಲ್ಕು ಸಲ ಹೋದೆ."

ನಾನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಸೊಂಟ ಹಿಡಿದುಕೊಂಡಿತೆಂದು ತಿಳಿದು ಗುಂಡಣ್ಣನವರು ಬಿಸಿನೀರಿನ ಚೀಲವನ್ನು ಒತ್ತಿದರು.

ಸೋಮವಾರ ಸಂಜೆ ಗೇಟಿನ ಬಳಿ ಕಾರು ನಿಂತಿತು. ಮಲಗಿಕೊಂಡು ಸ್ವಾಗತಿಸುವುದು ಯಜಮಾನನಿಗೆ ಶೋಭೆಯಲ್ಲ. ಎದ್ದೆ. ಸೊಂಟ ಮೇಲಕ್ಕೆ ಬರಲಿಲ್ಲ, ಉಳಿದವನು ಬಂದೆ. ನೇಗಿಲಿನಂತೆ ಬಗ್ಗಿ, ಗೋಡೆ ಹಿಡಿದು, ತಲೆಬಾಗಿಲಿಗೆ ತಲುಪಿ, ಬಲಗಾಲನ್ನು ಎತ್ತಿ ಹೊಸಿಲು ದಾಟಿದೆ. ಮೆಟ್ಟಿಲು ಹತ್ತುತ್ತಿದ್ದ ಅಮ್ಮ ನಿಂತರು. ಬ್ಯಾಗಿನಿಂದ ಡಬ್ಬಿ ತೆಗೆದು, ಉಳಿದಿದ್ದ ಕೊಬ್ಬರಿ ಮಿಠಾಯಿಯನ್ನು ಮೊದಲು ಗುಂಡಣ್ಣನವರಿಗೆ, ಆಮೇಲೆ ನನಗೆ ಕೊಟ್ಟರು.

ಸಂಹಿತಾ ಓಡಿಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಪೆನ್ಸಿಲ್ ತಂದಳು. ನನ್ನನ್ನು ಚೌಕಟ್ಟಿಗೆ ಒತ್ತಿ ನಿಲ್ಲಿಸಿ, ಅಲ್ಲಾಡಬೇಡ ಎಂದು ಹೇಳಿ, ನನ್ನ ಅತ್ಯುನ್ನತ ಭಾಗದ ಮಟ್ಟಕ್ಕೆ ಗೆರೆ ಎಳೆದಳು. ಅವಳ ಗೆರೆ ಮೇಲಿತ್ತು. ನನ್ನದು ಕೆಳಗಿತ್ತು.

"ಮೂರು ಅಡಿ ಹತ್ತಿಂಚು. ನಿನ್ನನ್ನ ದೊಡ್ಡ ರೈಡ್‌ಗೆ ಬಿಡಲ್ಲ ಅಪ್ಪ" ಎಂದಳು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ತಲೆ ಸವರಿದಳು. "ಪರವಾಗಿಲ್ಲ. ಸ್ವಲ್ಪ ದೊಡ್ಡವನಾಗು, ಹೋಗೋಣ."