ಮನೆಬಾಗಿಲಿಗೆ ಬಂದ ವೋಟು

ಮತಗಟ್ಟೆಗೆ ಬರಲಾಗದ ಮುದುಕರ ಮನೆಗೇ ಹೋಗಿ ವೋಟು ಹಾಕಿಸಿಕೊಳ್ಳುವ ಕೆಲಸ ಪ್ರತಿ ಚುನಾವಣೆಯಲ್ಲೂ ನನ್ನಂಥ ಮೇಷ್ಟ್ರ ಕೊರಳಿಗೇ ಬೀಳುತ್ತದೆ. ಬೇಡವೆಂದರೂ ಒಂದಲ್ಲ ಒಂದು ತಮಾಷೆ ಜೀಪು ಹತ್ತಿ ನಮ್ಮ ಜೊತೆಗೇ ಬರುತ್ತದೆ.

ಜೇವರ್ಗಿಯ ಅಳು

ಹಾಸಿಗೆ ಹಿಡಿದ ಅಜ್ಜರೊಬ್ಬರ ಮನೆ ಮುಂದೆ ಜೀಪು, ಪೊಲೀಸು, ಕ್ಯಾಮೆರಾ ನೋಡಿ ಓಣಿಯೇ ನೆರೆಯಿತು. ಪಕ್ಕದ ಮನೆಯಾಕೆ, ಅಜ್ಜ ಹೋಗಿಯೇ ಬಿಟ್ಟರೆಂದು ಹಾಡಿ ಹಾಡಿ ಅಳತೊಡಗಿದಳು. ಒಳಗಿನಿಂದ ಅಜ್ಜನ ದನಿ ಬಂತು: "ಸುಮ್ನಿರ ಬೇ! ನಾ ಇನ್ನಾ ಅದೀನಿ, ವೋಟು ಹಾಕಾಕತ್ತೇನಿ!"

ಹವಳಗಾದ ನೀರು

ವೋಟು ಹಾಕುವವರ ಮನೆಯಲ್ಲಿ ನಾವು ಚಹಾ ಕೂಡ ಕುಡಿಯುವಂತಿಲ್ಲ. ಸಕ್ಕರೆ ಕಾರ್ಖಾನೆಯ ಊರಿನ ಅಜ್ಜಿ ಒಪ್ಪಲಿಲ್ಲ. "ಮನಿಗಿ ಬಂದವ್ರು ಬಾಯಿ ಒಣಗಿಸ್ಕೊಂಡು ಹೋದ್ರ ನಾ ಪೆನ್ ಮುಟ್ಟಂಗಿಲ್ರಿ." ನೀರಾದರೆ ನಡೆಯುತ್ತದೆ ಎಂದೆ. ತಂದರು. ಕುಡಿದರೆ ಪಾಕ! ಮುಖ ನೋಡಿದೆ. "ನಮ್ಮೂರಾಗ ನೀರ ಹಿಂಗರಿ," ಅಂದರು ಅಜ್ಜಿ.

ಗೊಬ್ಬೂರಿನ ಮರೆ

ಇಲ್ಲಿ ಒಂದೇ ಮನೆಯಲ್ಲಿ ಎರಡು ವೋಟು. ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ, ಸೊಂಟ ಮುರಿದುಕೊಂಡ ಅಜ್ಜ. ಅಡುಗೆಮನೆ ಬಾಗಿಲ ಹಿಂದೆ ಅವರ ತೀರಿಹೋದ ತಮ್ಮನ ಹೆಂಡತಿ. ಅಜ್ಜ ವೋಟು ಹಾಕಿದರು. ಅಜ್ಜಿ ಹೊರಗೆ ಬರಲೊಲ್ಲರು. ಮದುವೆಯಾಗಿ ಬಂದಾಗಿನಿಂದ ಅವರು ಭಾವನ ಮುಂದೆ ಕೂತವರಲ್ಲ, ಮಾತಾಡಿದವರೂ ಅಲ್ಲ.

ಬೇರೆ ಕೋಣೆಯಿಲ್ಲ. ಅಜ್ಜನನ್ನು ಅಲುಗಿಸುವಂತಿಲ್ಲ. ದೇವರ ಜಗಲಿ ಇರುವ ಅಡುಗೆಮನೆಗೆ ನಾವು ಕಾಲಿಡುವಂತಿಲ್ಲ. ಇದೇ ಚುನಾವಣೆಗೆ ಮೊದಲ ಸಲ ಬಂದಾಗ ಅಜ್ಜ ಆಸ್ಪತ್ರೆಯಲ್ಲಿದ್ದರು, ಅಜ್ಜಿ ಮಗಳ ಊರಿಗೆ ಹೋಗಿದ್ದರು. ಮೂರನೇ ಸಲ ಬರುವ ನಿಯಮವಿಲ್ಲ; ಇವತ್ತೂ ತಪ್ಪಿದರೆ ವೋಟು ಹೋದಂತೆಯೇ.

"ವೋಟಂತೂ ಬಿಡಂಗಿಲ್ರಿ. ಆದ್ರ ಭಾವನವರ ಮುಂದ ಹ್ಯಾಂಗ ಕುಂದರ್ಲಿ?" ಬಾಗಿಲ ಹಿಂದಿನಿಂದ ಇಣುಕಿದ ಅಜ್ಜಿಯ ಕಣ್ಣಲ್ಲಿ ನೀರು.

ಗುಟ್ಟಾಗಿ ವೋಟು ಹಾಕಲೆಂದು ತಂದಿದ್ದ ರಟ್ಟಿನ ಮರೆಯನ್ನು ಹೊರಸಿಗೂ ಅಜ್ಜಿಯ ಮಣೆಗೂ ನಡುವೆ ನಿಲ್ಲಿಸಿದೆ. ಅಜ್ಜಿ ಸೆರಗೆಳೆದುಕೊಂಡು ಬಂದು ಕೂತರು, ವೋಟು ಹಾಕಿ ಲಕೋಟೆ ಅಂಟಿಸಿದರು. ಆದರೆ ಏಳಲಿಲ್ಲ. ಮರೆಯಿಂದಲೇ ಮೆಲ್ಲಗೆ, "ಭಾವನವರ, ಸೊಂಟ ಹ್ಯಾಂಗೈತ್ರಿ?" ಅಂದರು.

ಅಜ್ಜ ದಂಗಾದರು. "ಕಡಿಮಿ ಆಗೈತವ್ವಾ. ನೀ ಮಾಡೋ ಪುಂಡಿಪಲ್ಯ ಭಾಳ ಚಂದ ಇರ್ತೈತಿ."

"ಉಪ್ಪು ಜಾಸ್ತಿ ಆಗಂಗಿಲ್ಲೇನ್ರಿ?"

"ಆಗ್ತೈತಿ. ಇಷ್ಟ ವರ್ಷ ಯಾರಿಗಂತ ಹೇಳ್ಲಿ?"

ಮರೆಯ ಹಿಂದೆ ಅಜ್ಜಿ ಕಿಸಕ್ಕನೆ ನಕ್ಕರು. ನಮಗೆ ಮುಂದಿನ ಮನೆಗೆ ಹೊತ್ತಾಗಿತ್ತು. ರಟ್ಟು ಮಡಚಲು ಕೈಹಾಕಿದೆ.

ಅಜ್ಜ ನನ್ನ ಕೈ ಹಿಡಿದುಕೊಂಡರು. "ಸಾಹೇಬ್ರ, ವೋಟು ಬೇಕಾದ್ರ ಒಯ್ರಿ. ರಟ್ಟು ಇಲ್ಲೇ ಬಿಟ್ಟು ಹೋಗ್ರಿ."